ಹೇಳದೆ ಉಳಿದ ಮಾತು

ಮಗ್ಗಿ ಬಲ್ಲ ಹುಡುಗನೂ ಮಾಡಬಹುದಾದ ಲೆಕ್ಕವೊಂದುಂಟು. ಯಾವುದಾದರೂ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಬೇಕು. ಅದು ಸಮಸಂಖ್ಯೆಯಾದರೆ ಅರ್ಧ ಮಾಡಬೇಕು. ಬೆಸವಾದರೆ ಮೂರರಿಂದ ಗುಣಿಸಿ ಒಂದನ್ನು ಕೂಡಬೇಕು. ಬಂದ ಸಂಖ್ಯೆಗೂ ಮತ್ತೆ ಅದೇ ಕ್ರಮ. ಒಂದು ಎಂಬ ಸಂಖ್ಯೆ ಕೈಗೆ ಬಂದಾಗ ನಿಲ್ಲಿಸಬೇಕು. 22ರಿಂದ ಹೊರಟರೆ 11, 34, 17, 52, 26, 13, 40, 20, 10, 5, 16, 8, 4, 2, 1 ಎಂದು ಮುಗಿಯುತ್ತದೆ. ಮೊದಲಿನ 22ನ್ನೂ ಕಡೆಯ 1ನ್ನೂ ಸೇರಿಸಿ ಎಣಿಸಿದರೆ ಹದಿನಾರು ಸಂಖ್ಯೆಗಳು. ಆದುದರಿಂದ 22ರ ಸರಣಿಯ ಉದ್ದ 16.

ನೋಟಕ್ಕೆ ಇದು ಮಕ್ಕಳಾಟ. ಆದರೆ 27ರಿಂದ ಹೊರಟವನು 111 ಹೆಜ್ಜೆ ನಡೆಯಬೇಕು. ನಡುವೆ 9,232ರ ಎತ್ತರವನ್ನೇರಿ ಇಳಿಯಬೇಕು. ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ ಒಂದಕ್ಕೇ ಬರುವುದೆ? ಜರ್ಮನಿಯ ಗಣಿತಜ್ಞ ಲೋಥಾರ್ ಕೊಲಾಟ್ಸ್ ಅವರ ಹೆಸರಿನೊಡನೆ ಸೇರಿಹೋಗಿರುವ ಈ ಪ್ರಶ್ನೆಗೆ ಇಂದಿಗೂ ಸಾಧನೆ ದೊರೆತಿಲ್ಲ. ಗಣಕಯಂತ್ರಗಳು ಇಪ್ಪತ್ತಂಕಿಯ ಸಂಖ್ಯೆಗಳವರೆಗೂ ಪರೀಕ್ಷಿಸಿ ನೋಡಿವೆ. ತಪ್ಪಿಸಿಕೊಂಡುಹೋದ ಸಂಖ್ಯೆ ಒಂದೂ ಸಿಕ್ಕಿಲ್ಲ.

ಆ ಮಹಾಪ್ರಶ್ನೆಯನ್ನು ಪಂಡಿತರಿಗೆ ಬಿಡೋಣ. ಸ್ಪೇನ್ ದೇಶದ ವಲ್ಲಾಡೊಲಿಡ್ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಮಿಗೆಲ್ ಆಂಹೆಲ್ ರೆವಿಲ್ಲಾ ಅವರು 1995ರಲ್ಲಿ ಗಣಕಯಂತ್ರದ ಒಗಟುಗಳನ್ನು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆಯೊಂದನ್ನು ಕಟ್ಟಲು ತೊಡಗಿದರು. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ವಿದ್ಯಾರ್ಥಿಗಳಿಗೆಲ್ಲ ಗರಡಿಮನೆಯಾಯಿತು. ಅಲ್ಲಿನ ಒಗಟುಗಳ ಎಣಿಕೆ 100ರಿಂದ ಮೊದಲಾಗುತ್ತದೆ. ಆ ನೂರನೆಯ ಒಗಟೇ ಮೇಲಿನ ಲೆಕ್ಕ. ಎರಡು ಸಂಖ್ಯೆಗಳನ್ನು ಕೊಡಲಾಗುವುದು. ಅವುಗಳ ನಡುವಿನ ಸಂಖ್ಯೆಗಳಲ್ಲೆಲ್ಲ, ಆ ಎರಡನ್ನೂ ಸೇರಿಸಿ, ಅತ್ಯಂತ ಉದ್ದವಾದ ಸರಣಿಯ ಉದ್ದವೆಷ್ಟೆಂದು ಪ್ರೋಗ್ರಾಮು ಹೇಳಬೇಕು. 1 ಮತ್ತು 10 ಕೊಟ್ಟರೆ ಉತ್ತರ 20. 100 ಮತ್ತು 200 ಕೊಟ್ಟರೆ 125.

ಹೊಸಬನು ಉತ್ಸಾಹದಿಂದ ಕುಳಿತು ಅರ್ಧ ಗಂಟೆಯಲ್ಲಿ ಪ್ರೋಗ್ರಾಮು ಬರೆಯುತ್ತಾನೆ. ಮಾದರಿಯಾಗಿ ಕೊಟ್ಟ ನಾಲ್ಕು ಜೊತೆಗಳಿಗೂ ಉತ್ತರ ಸರಿಯಾಗಿ ಬರುತ್ತದೆ. ಗೆದ್ದೆನೆಂದು ಒಪ್ಪಿಸುತ್ತಾನೆ. ಯಂತ್ರದಿಂದ ಬರುವ ತೀರ್ಪು ಎರಡೇ ಮಾತಿನದು: ‘ರಾಂಗ್ ಆನ್ಸರ್’. ಎಲ್ಲಿ ತಪ್ಪಿತು, ಯಾವ ಸಂಖ್ಯೆಗೆ ತಪ್ಪಿತು—ಯಂತ್ರ ಹೇಳದು. ಮೇಷ್ಟರಾಗಿದ್ದರೆ ಕೆಂಪು ಶಾಯಿಯಲ್ಲಿ ಒಂದು ಗೆರೆಯನ್ನಾದರೂ ಎಳೆಯುತ್ತಿದ್ದರು.

ತಪ್ಪು ಎಲ್ಲಿತ್ತು? ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಚಿಕ್ಕದಾಗಿರುವುದೆಂದು ಒಗಟಿನಲ್ಲಿ ಎಲ್ಲಿಯೂ ಹೇಳಿರಲಿಲ್ಲ. ನಾಲ್ಕು ಮಾದರಿಗಳಲ್ಲೂ ಚಿಕ್ಕದೇ ಮೊದಲಿತ್ತು. ಕಣ್ಣು ಅದಕ್ಕೆ ಒಗ್ಗಿಹೋಯಿತು. ಒಳಗೆ ಬಚ್ಚಿಟ್ಟ ಪರೀಕ್ಷೆಯಲ್ಲಿ 10 ಮತ್ತು 1 ಎಂದು ಬಂದರೆ, ಹತ್ತರಿಂದ ಮೇಲಕ್ಕೆ ಎಣಿಸುತ್ತ ಒಂದನ್ನು ಮುಟ್ಟಹೊರಟ ಪ್ರೋಗ್ರಾಮು ಕೆಲಸವನ್ನೇ ಮಾಡದೆ ಸೊನ್ನೆಯನ್ನು ಮುಂದಿಡುತ್ತದೆ. ಇದನ್ನು ಕಂಡುಕೊಂಡವನು ಎರಡನ್ನೂ ಅದಲುಬದಲು ಮಾಡಿ ಮತ್ತೆ ಒಪ್ಪಿಸುತ್ತಾನೆ. ಪುನಃ ಅದೇ ತೀರ್ಪು! ಏಕೆಂದರೆ ಉತ್ತರದ ಜೊತೆಗೆ ಆ ಎರಡು ಸಂಖ್ಯೆಗಳನ್ನೂ ಕೊಟ್ಟ ಕ್ರಮದಲ್ಲಿಯೇ ಬರೆಯಬೇಕಾಗಿತ್ತು. ಈತನೋ 10, 1 ಎಂಬುದನ್ನು 1, 10 ಎಂದು ಬರೆದುಬಿಟ್ಟಿದ್ದನು.

ಇಲ್ಲಿ ದೂರುವುದು ಯಾರನ್ನು? ‘ಕೊಟ್ಟ ಕ್ರಮದಲ್ಲಿಯೇ’ ಎಂಬ ಮಾತು ಒಗಟಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಕ್ರಮ ಬೇರೆಯಾಗುವ ಸಂಭವವಿಲ್ಲದಿದ್ದರೆ ಆ ಮಾತನ್ನು ಬರೆಯುವ ಅಗತ್ಯವೇನಿತ್ತು? ‘ನಡುವಿನ’ ಎಂಬ ಪದವೂ ಹಾಗೆಯೇ. ಮೈಸೂರು ಬೆಂಗಳೂರುಗಳ ನಡುವೆ ಎಂದರೂ ಬೆಂಗಳೂರು ಮೈಸೂರುಗಳ ನಡುವೆ ಎಂದರೂ ದಾರಿ ಒಂದೇ. ಒಗಟು ಸುಳ್ಳು ಹೇಳಿರಲಿಲ್ಲ. ಓದುವವನೇ ತನ್ನ ರೂಢಿಯಿಂದ ಒಂದು ನಿಯಮವನ್ನು ಸೇರಿಸಿಕೊಂಡಿದ್ದನು.

ಆದರೆ ತಪ್ಪು ಯಾವಾಗಲೂ ಓದುವವನದೇ ಅಲ್ಲ. ಇದೇ ಒಗಟು ಬೇರೆ ಬೇರೆ ಕಡೆ ಅಚ್ಚಾಗಿರುವಾಗ ಸಂಖ್ಯೆಗಳ ಮಿತಿ ಒಂದೆಡೆ 10,000 ಎಂದೂ ಇನ್ನೊಂದೆಡೆ 10 ಲಕ್ಷವೆಂದೂ ಇದೆ. ಜೊತೆಗೆ, ಲೆಕ್ಕದ ಯಾವ ಹಂತದಲ್ಲಿಯೂ 32 ಬಿಟ್‌ಗಳ ಪಾತ್ರೆ ತುಂಬಿ ಚೆಲ್ಲುವುದಿಲ್ಲವೆಂಬ ಭರವಸೆ. 10,000ದ ಒಳಗೆ ಈ ಭರವಸೆ ನಿಜ. ಅಲ್ಲಿನ ಅತ್ಯುನ್ನತ ಶಿಖರ 2 ಕೋಟಿ 71 ಲಕ್ಷದಷ್ಟೇ. 10 ಲಕ್ಷಕ್ಕೆ ಹೋದರೆ ಕಥೆ ಬೇರೆ. ಋಣಸಂಖ್ಯೆಗಳಿಗೂ ಸ್ಥಳವಿಟ್ಟ 32 ಬಿಟ್‌ಗಳಲ್ಲಿ ಹಿಡಿಯುವುದು ಸುಮಾರು 214 ಕೋಟಿ. 1,13,383ರಿಂದ ಹೊರಟ ಸರಣಿ 248 ಕೋಟಿಯನ್ನು ಮೀರುತ್ತದೆ. ಋಣವನ್ನು ಬಿಟ್ಟುಕೊಟ್ಟು ಪಾತ್ರೆಯನ್ನು 429 ಕೋಟಿಗೆ ಹಿಗ್ಗಿಸಿದರೂ ಸಾಲದು. 1,59,487ರ ಸರಣಿ 1,720 ಕೋಟಿಯನ್ನು ಮುಟ್ಟುತ್ತದೆ. ಚೆಲ್ಲಿದ ಸಂಖ್ಯೆ ಋಣವಾಗಿ ತಿರುಗಿ, ಪ್ರೋಗ್ರಾಮು ಗಾಣದೆತ್ತಿನಂತೆ ಕೊನೆಗಾಣದೆ ಸುತ್ತಲೂಬಹುದು. ಇಲ್ಲಿ ಓದುಗನು ಎಷ್ಟು ಜಾಗರೂಕನಾದರೂ ಪ್ರಯೋಜನವಿಲ್ಲ. ಕೊಟ್ಟ ಭರವಸೆಯನ್ನೇ ಸಂದೇಹಿಸಿ, ದೊಡ್ಡ ಪಾತ್ರೆಯನ್ನು ತೆಗೆದುಕೊಂಡವನೇ ಪಾರಾದನು.

ವಿಶ್ವವಿದ್ಯಾನಿಲಯಗಳ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂವರ ತಂಡಕ್ಕೆ ಒಂದು ಯಂತ್ರ, ಐದು ಗಂಟೆಯ ಕಾಲ. ಕೊನೆಗೆ ಬಿಡಿಸಿದ ಒಗಟಿನಲ್ಲಿ ಹಿಂದೆ ಮಾಡಿದ ಪ್ರತಿಯೊಂದು ತಪ್ಪು ಒಪ್ಪಿಸುವಿಕೆಗೂ ಇಪ್ಪತ್ತು ನಿಮಿಷದ ದಂಡ. ಆದರೂ ಅಲ್ಲಿ ಒಂದು ಬಾಗಿಲು ತೆರೆದಿದೆ: ಮಾತು ಅಸ್ಪಷ್ಟವೆನಿಸಿದರೆ ತೀರ್ಪುಗಾರರನ್ನು ಕೇಳಬಹುದು. ಸಂದೇಹ ನ್ಯಾಯವಾದುದಾದರೆ ವಿವರಣೆ ಎಲ್ಲ ತಂಡಗಳಿಗೂ ಹೋಗುತ್ತದೆ. ಕೇಳಿದವನ ಗುಟ್ಟು ಹೊರಬಿದ್ದರೂ ನ್ಯಾಯ ಉಳಿಯುತ್ತದೆ.

ಸ್ಪರ್ಧೆಯಲ್ಲಿ ಹೋಗುವುದು ಇಪ್ಪತ್ತು ನಿಮಿಷ. ಹೊರಗಿನ ಜಗತ್ತಿನಲ್ಲಿ ದಂಡ ಅಷ್ಟು ಸೌಮ್ಯವಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿದ ಯೂರೋಪಿನ ಏರಿಯೇನ್-5 ರಾಕೆಟ್ಟು ಒಂದು ನಿಮಿಷವೂ ಹಾರದೆ ಆಕಾಶದಲ್ಲಿ ಛಿದ್ರವಾಯಿತು. ಅದರ ಪಥವನ್ನು ಅಳೆಯುವ ಪ್ರೋಗ್ರಾಮಿನ ಭಾಗವನ್ನು ಹಿಂದಿನ ಏರಿಯೇನ್-4ರಿಂದ ಹಾಗೆಯೇ ತಂದಿದ್ದರು. ಅಲ್ಲಿ ಒಂದು ಸಂಖ್ಯೆ 16 ಬಿಟ್‌ಗಳನ್ನು ಮೀರುವುದಿಲ್ಲವೆಂಬ ನಂಬಿಕೆಯಿತ್ತು. ಹಳೆಯ ರಾಕೆಟ್ಟಿಗೆ ಅದು ಸತ್ಯ. ಹೆಚ್ಚು ವೇಗದ ಹೊಸದಕ್ಕೆ ಸುಳ್ಳಾಯಿತು. ಮಿತಿ ಬೆಳೆದಿತ್ತು, ಹಳೆಯ ಭರವಸೆ ಮಾತ್ರ ಹಾಗೆಯೇ ಉಳಿದಿತ್ತು. ನೂರನೆಯ ಒಗಟಿನ ಕಥೆಯೂ ಇದೇ ಅಲ್ಲವೆ?

ಆದುದರಿಂದ ಆ ಗರಡಿಯಲ್ಲಿ ಪಳಗಿದವರು ಒಗಟನ್ನು ಒಮ್ಮೆ ಓದಿ ಬರೆಯಹೊರಡುವುದಿಲ್ಲ. ಕ್ರಮ ಹಿಂದುಮುಂದಾದರೆ ಏನು, ಎರಡೂ ಒಂದೇ ಆದರೆ ಏನು, ಅತಿ ಚಿಕ್ಕದಕ್ಕೆ ಏನು, ಅತಿ ದೊಡ್ಡದಕ್ಕೆ ಏನು ಎಂದು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಒಗಟು ಹೇಳಿದುದಾವುದು, ತಾವು ಊಹಿಸಿದುದಾವುದು ಎಂದು ಎರಡು ಸಾಲುಗಳಾಗಿ ಬೇರ್ಪಡಿಸಿಕೊಳ್ಳುತ್ತಾರೆ. ಎರಡನೆಯ ಸಾಲು ಉದ್ದವಾಗಿದ್ದಷ್ಟೂ ಅವರು ಯಂತ್ರದ ಹತ್ತಿರ ಹೋಗಲು ಅವಸರ ಪಡುವುದಿಲ್ಲ.