ಕಡಲೂ ಹೆಣ್ಣುಮಕ್ಕಳೂ

“ಉದ್ಯೋಗಂ ಪುರುಷ ಲಕ್ಷಣಂ” ಎಂಬ ಹಳೆಯ ಮಾತೊಂದುಂಟು. ಈ ಮಾತನ್ನು ಮೊದಲು ಆಡಿದವರು ಯಾರೆಂದು ನಾನರಿಯೆ. ಆದರೆ ಅವರು ಒಂದು ದಿನ ಬೆಳಕು ಹರಿಯುವ ಮೊದಲೇ ನಮ್ಮ ಮಂಗಳೂರಿನ ದಕ್ಕೆಗೆ ಬಂದಿದ್ದರೆ, ಈ ಮಾತನ್ನಾಡಲು ಎರಡು ಬಾರಿ ಯೋಚಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ದೋಣಿಗಳು ಬಂದು ನಿಂತೊಡನೆ ಬಂಗುಡೆ, ಬೂತಾಯಿಗಳ ರಾಶಿಯ ಸುತ್ತ ನೆರೆಯುವವರಲ್ಲಿ ಹೆಂಗಸರೆಷ್ಟು! ಏಲಂ ಕೂಗುವಲ್ಲಿ, ಮೀನು ವಿಂಗಡಿಸುವಲ್ಲಿ, ಬುಟ್ಟಿ ಹೊತ್ತು ಪೇಟೆಯ ಮೂಲೆಮೂಲೆಗೂ ನಡೆಯುವಲ್ಲಿ ಅವರು ಯಾರಿಗೂ ಹಿಂದಲ್ಲ. ನನ್ನ ತಾಯಿ ಅವರಲ್ಲೊಬ್ಬಳು. ಅವಳ ಬುಟ್ಟಿಯ ಸಂಪಾದನೆಯಿಂದಲೇ ನಾನಿಂದು ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲನೆಯವಳು.

ನಮ್ಮ ಮನೆ ಬೆಂಗ್ರೆಯಲ್ಲಿ. ಒಂದು ಮಗ್ಗುಲಿಗೆ ಗುರುಪುರ ಹೊಳೆ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ. ನಡುವೆ ಮರಳಿನ ಪಟ್ಟಿ. ಬಂದರಿಗೆ ಬರಬೇಕಾದರೆ ದಿನವೂ ಕಡವಿನ ದೋಣಿಯನ್ನೇರಬೇಕು. ಹೀಗೆ ನೀರಿನ ಮೇಲೆಯೇ ಹೋಗಿ ಬರುವ ನಮ್ಮ ಹೆಂಗಸರು ಮೀನು ಹಿಡಿಯುವ ದೋಣಿಯನ್ನು ಮಾತ್ರ ಹತ್ತುವುದಿಲ್ಲ. ಎಂಬತ್ತು ವರ್ಷ ಕಡಲನ್ನು ಕಂಡ ನನ್ನ ಅಜ್ಜಿ ಒಂದು ದಿನವೂ ನಮ್ಮ ಮನೆಯ ದೋಣಿಯಲ್ಲಿ ಕಾಲಿಟ್ಟವಳಲ್ಲ. ದೋಣಿಗೆ ದೇವಿಯ ಹೆಸರನ್ನಿಡುತ್ತೇವೆ. ಹೂ ಮುಡಿಸಿ ಪೂಜಿಸುತ್ತೇವೆ. ಹೆಣ್ಣಿನ ಹೆಸರು ಕಡಲಿಗೆ ಹೋಗಬಹುದು, ಹೆಣ್ಣು ಹೋಗಬಾರದು. ಇದೆಂತಹ ನ್ಯಾಯ?

ಈ ಪ್ರಶ್ನೆ ನನಗೆ ಮೊದಲಿನಿಂದಲೂ ಇತ್ತೆಂದು ಹೇಳಿದರೆ ಸುಳ್ಳಾದೀತು. ಎರಡು ವರ್ಷಗಳ ಹಿಂದೆ ಒಂದು ಚರ್ಚಾಸ್ಪರ್ಧೆಯಲ್ಲಿ “ಎಲ್ಲ ಉದ್ಯೋಗಗಳೂ ಸ್ತ್ರೀಯರಿಗೆ ಸಲ್ಲುವವಲ್ಲ” ಎಂಬ ಪಕ್ಷವನ್ನು ಹಿಡಿದು ಮಾತನಾಡಿದವಳು ನಾನೇ. ಹಡಗಿನ ಕೆಲಸವನ್ನೇ ಉದಾಹರಣೆಯಾಗಿ ಕೊಟ್ಟೆ, ಬಹುಮಾನವೂ ಬಂತು. ಆ ಬಹುಮಾನದ ಪುಸ್ತಕವನ್ನು ಮನೆಯಲ್ಲಿ ಮೊದಲು ಓದಿ ಮುಗಿಸಿದವಳು ನನ್ನ ತಂಗಿ. ಈಗ ಅವಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಕಳೆದ ದೀಪಾವಳಿಯ ದಿನ ಊಟಕ್ಕೆ ಕುಳಿತಾಗ, “ನಾನು ಹಡಗಿನ ಕೆಲಸಕ್ಕೆ ಓದುತ್ತೇನೆ” ಎಂದುಬಿಟ್ಟಳು. ತಂದೆ ಅನ್ನದ ತಟ್ಟೆಯಿಂದ ತಲೆಯೆತ್ತಲಿಲ್ಲ. ತಾಯಿ ನನ್ನ ಕಡೆ ನೋಡಿದಳು. ಓದಿದವಳಲ್ಲವೇ ನಾನು? ನನ್ನ ಅಭಿಪ್ರಾಯ ಬೇಕಿತ್ತು. ಅಂದು ನನಗೆ ಉತ್ತರ ತೋಚಲಿಲ್ಲ. ಆಮೇಲೆ ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನೇ ಇಲ್ಲಿ ನನ್ನ ಅಲ್ಪಮತಿಗೆ ತೋರಿದಂತೆ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹೆಣ್ಣು ಕಡಲಿನ ಕೆಲಸಕ್ಕೆ ಅಸಮರ್ಥಳೆಂಬ ವಾದ. ಕಾಲ ಇದಕ್ಕೆ ಉತ್ತರ ಕೊಟ್ಟಾಗಿದೆ. ನಮ್ಮ ನೆರೆಯ ಕೇರಳದ ಕೊಡುಂಗಲ್ಲೂರಿನವರಾದ ರಾಧಿಕಾ ಮೆನನ್ ಅವರು ಹಡಗಿನಲ್ಲಿ ರೇಡಿಯೋ ಅಧಿಕಾರಿಯಾಗಿ ಸೇರಿ, ಭಾರತದ ವಾಣಿಜ್ಯ ನೌಕಾದಳದಲ್ಲಿ ಕ್ಯಾಪ್ಟನ್ ಆದ ಮೊದಲ ಮಹಿಳೆ. 2015ರ ಜೂನ್ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ‘ದುರ್ಗಮ್ಮ’ ಎಂಬ ಮೀನುಗಾರರ ದೋಣಿ ಯಂತ್ರ ಕೆಟ್ಟು, ಏಳು ಜನರೊಡನೆ ತೇಲಿಹೋಗುತ್ತಿತ್ತು. ಇಪ್ಪತ್ತೈದು ಅಡಿ ಎತ್ತರದ ಅಲೆಗಳ ನಡುವೆ ಅವರು ತಮ್ಮ ‘ಸಂಪೂರ್ಣ ಸ್ವರಾಜ್ಯ’ ಎಂಬ ತೈಲದ ಹಡಗನ್ನು ಅತ್ತ ತಿರುಗಿಸಿ, ಮತ್ತೆ ಮತ್ತೆ ಯತ್ನಿಸಿ, ಏಳು ಜನರನ್ನೂ ಮೇಲೆತ್ತಿದರು. 2016ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಅಸಾಧಾರಣ ಶೌರ್ಯದ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಸ್ತ್ರೀ ಅವರೇ.

ಇನ್ನೂ ಉದಾಹರಣೆಗಳು ಬೇಕೇ? 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 254 ದಿನಗಳಲ್ಲಿ ಭೂಮಂಡಲವನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರಿನಲ್ಲಿ ಹೊರಟು 2025ರ ಮೇ ತಿಂಗಳಲ್ಲಿ ಹಿಂದಿರುಗಿದರು. 2021ರ ಮಾರ್ಚಿನಲ್ಲಿ ‘ಸ್ವರ್ಣ ಕೃಷ್ಣ’ ಎಂಬ ಹಡಗು ಮಹಿಳಾ ಅಧಿಕಾರಿಗಳನ್ನೇ ಹೊತ್ತು ಮುಂಬಯಿಯ ತೀರದಿಂದ ಹೊರಟಿತು. ದೊಡ್ಡ ಹಡಗಿನ ಮಾತೇಕೆ? ಕೇರಳದ ತೃಶ್ಶೂರು ಜಿಲ್ಲೆಯ ರೇಖಾ ಎಂಬವರು ಗಂಡನೊಡನೆ ದೋಣಿಯಲ್ಲಿ ಕಡಲಿಗಿಳಿದು ಮೀನು ಹಿಡಿಯುತ್ತ ಬಂದು, ಸರ್ಕಾರದ ಪರವಾನಿಗೆಯನ್ನೇ ಪಡೆದರು. ಇನ್ನು ಹಿಂದಿನದನ್ನು ನೋಡುವುದಾದರೆ, ನೇತ್ರಾವತಿಯ ಆಚೆ ದಡದ ಉಳ್ಳಾಲದಲ್ಲಿ ಹದಿನಾರನೆಯ ಶತಮಾನದಲ್ಲಿಯೇ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿ ನಿಂತಳು. ಅವಳ ಹೆಸರಿನ ಕಾವಲು ಹಡಗು 2012ರಿಂದ ನಮ್ಮ ತಟರಕ್ಷಣಾ ಪಡೆಯಲ್ಲಿದೆ. ಅಬ್ಬಕ್ಕನ ಊರಿನ ಹುಡುಗಿಯರಿಗೆ ಕಡಲು ಅನ್ಯವೆಂದರೆ ನಂಬುವುದು ಹೇಗೆ?

ಆದರೂ ಸತ್ಯವನ್ನು ಮರೆಮಾಚಬಾರದು. 2021ರಲ್ಲಿ ಹೊರಬಂದ ಒಂದು ಅಂತರರಾಷ್ಟ್ರೀಯ ವರದಿಯ ಪ್ರಕಾರ ಜಗತ್ತಿನ ನಾವಿಕರಲ್ಲಿ ಹೆಂಗಸರ ಪ್ರಮಾಣ ನೂರಕ್ಕೆ 1.28 ಮಾತ್ರ, ಎಂದರೆ ಸಾವಿರ ಜನರಲ್ಲಿ ಹದಿಮೂರು. ಮೇಲೆ ಹೇಳಿದ ಹೆಸರುಗಳನ್ನು ನಾವು ಬೆರಳೆಣಿಸಿ ಹೇಳುವಂತಾಗಿರುವುದೇ ಅವು ಇನ್ನೂ ಅಪರೂಪವೆಂಬುದಕ್ಕೆ ಸಾಕ್ಷಿ.

ಎರಡನೆಯದಾಗಿ, ಭಯ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ತಿಂಗಳುಗಟ್ಟಲೆ ನೆಲ ಕಾಣದ ಬಾಳು. ಇಪ್ಪತ್ತು ಇಪ್ಪತ್ತೈದು ಗಂಡಸರ ನಡುವೆ ಒಬ್ಬಳೇ ಹುಡುಗಿ. ಏನಾದರೂ ಅನ್ಯಾಯವಾದರೆ ಓಡಿಹೋಗಲು ದಾರಿಯಿಲ್ಲ, ಸುತ್ತ ನೀರು. ಹೆತ್ತವರು ಹೆದರುವುದು ಸಹಜ. ಆದರೆ ಈ ಭಯಕ್ಕೆ ಪರಿಹಾರ ಯಾವುದು? ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕುವುದೇ, ಹಡಗನ್ನು ಸರಿಪಡಿಸುವುದೇ? ಬಸ್ಸಿನಲ್ಲಿ ಕೀಟಲೆ ಮಾಡುವವರಿದ್ದಾರೆಂದು ನಾವು ಕಾಲೇಜನ್ನು ಬಿಡಲಿಲ್ಲ. ನಾವಿಕರ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವು 2015ರಲ್ಲಿಯೇ ಅಂಗೀಕರಿಸಿದೆ. ಲೈಂಗಿಕ ಕಿರುಕುಳವನ್ನು ತಡೆಯುವ ಬಗೆಯನ್ನು ಪ್ರತಿಯೊಬ್ಬ ನಾವಿಕನೂ ಕಲಿಯಲೇಬೇಕೆಂದು 2026ರ ಜನವರಿ 1ರಿಂದ ಜಾರಿಗೆ ಬರುವಂತೆ ನಿಯಮವೂ ಆಗಿದೆ. ನಿಯಮವೊಂದೇ ಸಾಲದೆಂಬುದು ನನಗೂ ಗೊತ್ತು. ಆದರೆ ಒಬ್ಬಳಿದ್ದಲ್ಲಿ ನಾಲ್ವರಾದಾಗ ನಿಯಮಕ್ಕೆ ಬಲ ಬರುತ್ತದೆ. ಮೊದಲ ನಾಲ್ವರು ಹೋಗದೆ ನಂತರದ ನಲವತ್ತು ಮಂದಿಗೆ ದಾರಿಯಾಗುವುದಿಲ್ಲ.

ಮೂರನೆಯದೂ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದೂ ಆದ ಅಡ್ಡಿಯೆಂದರೆ ತಿಳಿವಳಿಕೆಯ ಅಭಾವ. ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು 1974ರಲ್ಲಿ ಘೋಷಿತವಾಯಿತು. ರಾತ್ರಿಯ ಹೊತ್ತು ಹೊರಗಡಲಿನಲ್ಲಿ ಲಂಗರು ಹಾಕಿದ ಹಡಗುಗಳ ದೀಪಗಳು ನಮ್ಮ ಅಂಗಳಕ್ಕೇ ಕಾಣುತ್ತವೆ. ಆದರೆ ಆ ದೀಪಗಳ ಕೆಳಗೆ ಕೆಲಸ ಮಾಡುವವರು ಏನು ಓದಿರಬೇಕೆಂದು ನನ್ನ ಹದಿನಾರನೆಯ ವಯಸ್ಸಿನಲ್ಲಿ ನನಗೆ ಹೇಳುವವರಿರಲಿಲ್ಲ. ಹಡಗಿನ ಅಧಿಕಾರಿಯಾಗಬೇಕಾದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿರಬೇಕು. 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕಣ್ಣಿನ ದೃಷ್ಟಿಯೂ ಶರೀರವೂ ನೆಟ್ಟಗಿರಬೇಕು. ಇದನ್ನು ನಾನು ತಿಳಿದದ್ದು ಬಿ.ಎ. ಕೊನೆಯ ವರ್ಷದಲ್ಲಿ! ಕಲಾ ವಿಭಾಗವನ್ನು ಆರಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ; ಇತಿಹಾಸವೂ ಕನ್ನಡವೂ ನನ್ನನ್ನು ಬೆಳೆಸಿವೆ. ಆದರೆ ಬಾಗಿಲೊಂದು ಇತ್ತೆಂದು ಗೊತ್ತಿದ್ದು ಅದನ್ನು ದಾಟದಿರುವುದು ಬೇರೆ, ಬಾಗಿಲೇ ಕಾಣದೆ ಗೋಡೆಯೆಂದು ತಿಳಿದು ಹಿಂದಿರುಗುವುದು ಬೇರೆ.

ತಿಳಿವಳಿಕೆಯಿಲ್ಲದಲ್ಲಿ ಮೋಸ ಹುಟ್ಟುತ್ತದೆ. ನಮ್ಮ ಕೇರಿಯ ಯುವಕನೊಬ್ಬ ಹಡಗಿನ ಕೆಲಸದ ಆಸೆಗೆ ದಲ್ಲಾಳಿಯೊಬ್ಬನಿಗೆ ತಾಯಿಯ ಒಡವೆ ಮಾರಿ ಹಣ ಕೊಟ್ಟು ಕೈಸುಟ್ಟುಕೊಂಡ. ನಾವಿಕರನ್ನು ನೇಮಿಸುವ ಸಂಸ್ಥೆಗಳು ನೌಕಾಯಾನ ಮಹಾನಿರ್ದೇಶನಾಲಯದ ಪರವಾನಿಗೆ ಪಡೆದಿರಬೇಕೆಂಬ ಒಂದೇ ಒಂದು ಸಂಗತಿ ಅವನಿಗೆ ಗೊತ್ತಿದ್ದರೆ ಆ ಒಡವೆ ಉಳಿಯುತ್ತಿತ್ತು.

ಆದುದರಿಂದ ನನ್ನ ಸಹಪಾಠಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಒಂದು ಬಿನ್ನಹ. ನಮ್ಮ ಊರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯವಿದೆ, ಬಂದರಿದೆ, ಹಡಗು ವ್ಯವಹಾರದ ಕಚೇರಿಗಳಿವೆ. ಅಲ್ಲಿ ಕೆಲಸದಲ್ಲಿರುವ ಮಹಿಳೆಯರೊಬ್ಬರನ್ನು ವರ್ಷಕ್ಕೊಮ್ಮೆಯಾದರೂ ಕರೆಸಿ ಅವರ ಮಾತು ಕೇಳೋಣ. ಬಿ.ಎ. ಓದಿದ ನಮಗೆ ಹಡಗಿನ ಸೇತುವೆಯ ಮೇಲೆ ನಿಲ್ಲುವ ದಾರಿ ಇಲ್ಲದಿರಬಹುದು. ದಡದ ಮೇಲಿನ ಸರಕುಪತ್ರಗಳ ಕೆಲಸ, ಸುಂಕದ ಕೆಲಸ, ಮುಂದೆ ಕಾನೂನು ಓದಿದರೆ ಕಡಲ ಕಾಯಿದೆಯ ಕೆಲಸ, ಇವೆಲ್ಲ ನಮಗೂ ಸಲ್ಲುವವು. ರಜೆಯಲ್ಲಿ ನಮ್ಮ ನಮ್ಮ ಕೇರಿಯ ಪ್ರೌಢಶಾಲೆಗೆ ಹೋಗಿ, ಹತ್ತನೆಯ ತರಗತಿಯ ಹುಡುಗಿಯರಿಗೆ ಯಾವ ವಿಷಯ ಓದಿದರೆ ಯಾವ ಬಾಗಿಲು ತೆರೆಯುವುದೆಂದು ಹೇಳೋಣ. ಇದಕ್ಕೆ ಖರ್ಚು ಬಸ್ಸಿನ ಚಾರ್ಜು ಮಾತ್ರ.

ಕೊನೆಗೆ ಮನೆಯ ಮಾತು. ದುರ್ಗಮ್ಮ ದೋಣಿಯ ಕಥೆಯನ್ನು ಒಂದು ರಾತ್ರಿ ತಂದೆಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಗಾಳಿ ಯಾವ ಕಡೆಯಿಂದಿತ್ತು? ಹಡಗನ್ನು ಯಾವ ಮಗ್ಗುಲಿಗೆ ತಂದಳು?” ಎಂದು ಕೇಳಿದರು. ಹೆಣ್ಣೋ ಗಂಡೋ ಎಂದು ಅವರು ಕೇಳಲಿಲ್ಲ. ಒಬ್ಬ ಕಡಲಿಗನು ಇನ್ನೊಬ್ಬ ಕಡಲಿಗನನ್ನು ಕೇಳುವ ಪ್ರಶ್ನೆಯದು. ನನ್ನಲ್ಲಿ ಉತ್ತರವಿರಲಿಲ್ಲ, ತಂಗಿಯೇ ಮುಂದೆ ಬಂದು ನೆಲದ ಮೇಲೆ ಸೀಮೆಸುಣ್ಣದಿಂದ ಹಡಗು, ದೋಣಿ, ಗಾಳಿ ಎಂದು ಗೀಟೆಳೆದು, ಹೀಗಿದ್ದಿರಬಹುದೆಂದು ತೋರಿಸಿದಳು. ತಂದೆ ಒಂದು ಗೀಟನ್ನು ಒರಸಿ ತಿದ್ದಿದರು.

ಅವರು ಇನ್ನೂ “ಆಗಲಿ” ಎಂದಿಲ್ಲ. ಆದರೆ ಪ್ರವೇಶ ಪರೀಕ್ಷೆಯ ಅರ್ಜಿಯ ಹಣವನ್ನು ತಾಯಿಯ ಕೈಯಲ್ಲಿ ಕೊಟ್ಟಿದ್ದಾರೆ. ತಂಗಿ ಗೆಲ್ಲುವಳೋ ಸೋಲುವಳೋ ದೇವರೇ ಬಲ್ಲ. ಸೋತರೂ ಅವಳು ಲೆಕ್ಕ ತಪ್ಪಿ ಸೋಲಲಿ, ಹೆಣ್ಣಾಗಿ ಹುಟ್ಟಿದ್ದಕ್ಕೆ ಸೋಲದಿರಲಿ. ಹಿಂದೆ ಬಹುಮಾನಕ್ಕಾಗಿ ಆಡಿದ ಮಾತನ್ನು ಈ ಪುಟಗಳಲ್ಲಿ ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.