ಗುಚ್ಛಿ ಅಣಬೆಯ ಸಂಗ್ರಹಣವೂ ಕಾಡಿನ ಕ್ಷೇಮವೂ

ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡಗಳ ಬೆಟ್ಟಗಳಲ್ಲಿ ಹಿಮವು ಕರಗಿ ನೆಲವು ಬೆಚ್ಚಗಾದೊಡನೆ ದೇವದಾರು ಮೊದಲಾದ ಮರಗಳಡಿಯಲ್ಲಿ ಗುಚ್ಛಿಯೆಂಬ ಕಾಡಣಬೆಯು ತಲೆಯೆತ್ತುವುದು. ಇದರ ತಲೆಯು ಜೇನುಹುಟ್ಟಿನಂತೆ ಗುಳಿಗುಳಿಯಾಗಿಯೂ ಒಡಲು ಟೊಳ್ಳಾಗಿಯೂ ಇರುವುದು. ವಸಂತದಲ್ಲಿ ಹಳ್ಳಿಗರು ಕಾಡು ಅಲೆದು ಇದನ್ನು ಆಯ್ದು, ದಾರಕ್ಕೆ ಪೋಣಿಸಿ ಒಣಗಿಸಿ ಮಾರುವರು. 10 ಕಿಲೋ ಹಸಿ ಅಣಬೆಯು ಒಣಗಿದರೆ ಉಳಿಯುವುದು ಸುಮಾರು 1 ಕಿಲೋ ಮಾತ್ರ. ಆದುದರಿಂದ ಬೆಲೆಯೂ ಹೆಚ್ಚು, ಆಯುವವರ ಆತುರವೂ ಹೆಚ್ಚು.

ಕಾಡನ್ನುಳಿಸಲು ಆಯುವುದನ್ನೇ ನಿಷೇಧಿಸಬೇಕೆಂಬ ವಾದವು ನ್ಯಾಯವಾದುದಲ್ಲ. ಅಣಬೆಯು ಕೇವಲ ಫಲ. ಅದರ ಮೂಲವು ಮಣ್ಣಿನೊಳಗೆ ಹರಡಿದ ನೂಲಿನಂತಹ ಜಾಲ. ಸ್ವಿಟ್ಜರ್ಲೆಂಡಿನಲ್ಲಿ ಇತರ ಕಾಡಣಬೆಗಳನ್ನು ಕುರಿತು 1975ರಿಂದ 2003ರವರೆಗೆ ನಡೆದ ಪರೀಕ್ಷೆಯಲ್ಲಿ, ಕೀಳುವುದರಿಂದ ಮುಂದಿನ ಫಸಲು ಕುಗ್ಗಲಿಲ್ಲ. ನೆಲವನ್ನು ತುಳಿದ ಕಡೆ ಅಣಬೆಗಳು ಕಡಮೆಯಾದುವು. ಆ ಪರೀಕ್ಷೆಯು ಗುಚ್ಛಿಯದಲ್ಲದಿದ್ದರೂ ಅದರ ಪಾಠವು ಇಲ್ಲಿಯೂ ಗಮನಾರ್ಹವಾದುದು. ದೂಷ್ಯವಾದುದು ಆಯುವ ಕೈಯಲ್ಲ, ನೆಲವನ್ನು ಕೆದಕುವ ಸಲಕರಣೆ.

ಇದಕ್ಕಿಂತಲೂ ಘೋರವಾದುದು ಬೆಂಕಿ. ಬೆಂಕಿ ಹಾಯ್ದ ಕಾಡಿನಲ್ಲಿ ಗುಚ್ಛಿಯ ಕೆಲವು ಜಾತಿಗಳು ಮರುವಸಂತದಲ್ಲಿ ಹೇರಳವಾಗಿ ಏಳುವುದು ದಿಟ. ಆದರೆ ಆ ಆಸೆಯಿಂದ ಕಾಡಿಗೆ ಕಿಚ್ಚಿಡುವುದು, ಒಂದು ಕೊಯ್ಲಿಗಾಗಿ ತೋಟವನ್ನೇ ಕಡಿದಂತೆ. ಎಳೆಯ ಸಸಿಗಳೂ ನೀರನ್ನು ಹಿಡಿದಿಡುವ ತರಗೆಲೆಯ ಹೊದಿಕೆಯೂ ಸುಟ್ಟುಹೋದರೆ ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುವುದು.

ಆದುದರಿಂದ ಆಯಾ ಹಳ್ಳಿಯವರೇ ಕೂಡಿ ಕಟ್ಟಳೆಯನ್ನು ಮಾಡಿಕೊಳ್ಳುವುದು ಮೇಲು. ಬಲಿತುದನ್ನು ಮಾತ್ರ ಬುಡದಲ್ಲಿ ಕತ್ತರಿಸತಕ್ಕದ್ದು, ಎಳೆಯದನ್ನು ಬಿಡತಕ್ಕದ್ದು, ನೆಲವನ್ನು ಅಗೆಯಕೂಡದು, ಬೆಂಕಿಯಿಡಕೂಡದು. ಈ ಅಣಬೆಯನ್ನು ಹಸಿಯಾಗಿ ತಿನ್ನಲೇಬಾರದೆಂಬುದನ್ನೂ ಕೊಳ್ಳುವವರಿಗೆ ತಿಳಿಸತಕ್ಕದ್ದು. 2023ರಲ್ಲಿ ಅಮೆರಿಕದ ಮೊಂಟಾನಾದ ಒಂದು ಭೋಜನಶಾಲೆಯಲ್ಲಿ ಹಸಿಯಾದ ಅಥವಾ ಅರೆಬೆಂದ ಈ ಜಾತಿಯ ಅಣಬೆಗಳನ್ನು ಬಡಿಸಿದ್ದುದರಿಂದ 51 ಮಂದಿ ಅಸ್ವಸ್ಥರಾಗಿ ಇಬ್ಬರು ಮೃತರಾದರು. ಗುಚ್ಛಿಯನ್ನು ಹೋಲುವ ವಿಷದ ಅಣಬೆಗಳೂ ಉಂಟಾದುದರಿಂದ ಗುರುತು ಬಲ್ಲ ಹಿರಿಯರ ಜೊತೆಯಿಲ್ಲದೆ ಹೊಸಬರು ಆಯಹೋಗಬಾರದು.

ಮಲೆನಾಡಿನ ರೈತರಿಗೂ ಇದು ಹೊರಗಿನ ಮಾತಲ್ಲ. ಮುಂಗಾರಿನಲ್ಲಿ ಹುತ್ತದ ಮೇಲೆ ಏಳುವ ಅಣಬೆಯ ಮೂಲವನ್ನು ಗೆದ್ದಲುಗಳೇ ಒಳಗೆ ಸಾಕುತ್ತಿರುವುವು. ಅಣಬೆಯ ಆಸೆಗೆ ಹುತ್ತವನ್ನು ಅಗೆದವನು ಮರುವರ್ಷದ ಅಣಬೆಯನ್ನೂ ಅಗೆದು ಹಾಕಿದಂತೆಯೇ ಸರಿ. ಬಿತ್ತದೆ ಬರುವ ಬೆಳೆಗೆ ಗೊಬ್ಬರ ಬೇಡ, ನೀರು ಬೇಡ, ಬೇಕಾದುದು ಸಂಯಮವೊಂದೇ.