ಬುಲ್ಸ್ ಹೋದ್ರೂ ಪುತ್ತೂರು ಫೈನಲಲ್ಲಿದೆ

ಬುಧವಾರದ ಸೆಮಿಫೈನಲಲ್ಲಿ ಬೆಂಗಳೂರು ಬುಲ್ಸ್ 35-40ರಿಂದ ದೆಹಲಿಗೆ ಸೋತದ್ದೇ ತಡ, ಹಾಸ್ಟೆಲಲ್ಲಿ "ಇನ್ನು ಫೈನಲ್ ಯಾರು ನೋಡ್ತಾರೆ ಮಾರಾಯ" ಅಂತ ಶುರು. ನಾವು ನೋಡ್ತೇವೆ. ಇವತ್ತು, 2022ರ ಫೆಬ್ರವರಿ 25ರಂದು, ಪ್ರೊ ಕಬಡ್ಡಿ ಫೈನಲಲ್ಲಿ ದಬಂಗ್ ದೆಹಲಿಯನ್ನು ಎದುರಿಸುವ ಪಾಟ್ನಾ ಪೈರೇಟ್ಸ್‌ನ ಕ್ಯಾಪ್ಟನ್ ಪ್ರಶಾಂತ್ ಕುಮಾರ್ ರೈ ನಮ್ಮ ಪುತ್ತೂರಿನವರು!

ದೆಹಲಿಯ ಬಲ ರೈಡರ್ ನವೀನ್ ಕುಮಾರ್. ಅವರು ಔಟಾಗಿ ಹೊರಗೆ ಕೂತಷ್ಟು ಹೊತ್ತು ಪಾಟ್ನಾಕ್ಕೆ ಲಾಭ. ಅವರನ್ನು ಹಿಡಿಯಲು ಲೆಫ್ಟ್ ಕಾರ್ನರಲ್ಲಿ ಇರಾನಿನ ಶಾದ್ಲೂಯಿ ಇದ್ದಾರೆ. ಪಾಟ್ನಾ ಒಬ್ಬನೇ ರೈಡರನ್ನು ನಂಬಿಲ್ಲ. ಸಚಿನ್, ಗುಮಾನ್ ಸಿಂಗ್, ಪ್ರಶಾಂತ್ ಹಂಚಿಕೊಂಡು ಪಾಯಿಂಟ್ ತರ್ತಾರೆ. ಲೀಗಲ್ಲಿ ಮೊದಲ ಸ್ಥಾನ ಬಂದದ್ದೂ ಹಾಗೆಯೇ. ಕಳೆದ ಸೀಸನ್ ಫೈನಲಲ್ಲಿ ಸೋತ ದೆಹಲಿಗೂ ಹಸಿವಿದೆ. ಆದರೂ ನಮ್ಮ ಓಟು ಪಾಟ್ನಾಕ್ಕೆ.

ಪುತ್ತೂರು, ಸುಳ್ಯ, ಕಡಬದಲ್ಲಿ ಹೊನಲು ಬೆಳಕಿನ ಕಬಡ್ಡಿ ಅಂದ್ರೆ ಊರಿಗೆ ಊರೇ ಸೇರ್ತದೆ. ಆಡುವ ಹುಡುಗನಿಗೆ ಮಾತ್ರ "ಇದರಿಂದ ಏನು ಸಿಗ್ತದೆ" ಅಂತ ಕೇಳ್ತೇವೆ. ಉತ್ತರ ಇವತ್ತು ರಾತ್ರಿ ಮ್ಯಾಟಿಗೆ ಇಳೀತದೆ. ಜೆರ್ಸಿಯಲ್ಲಿ ಯಾವ ಊರಿನ ಹೆಸರಿದ್ರೇನು, ಆಡುವವರು ನಮ್ಮವರಲ್ವಾ?